ಒಳಗೆ ಬಿಟ್ಟ ಬಟ್ಟೆ

ಪಾಸ್ಟರುಗಳ ವಿಷಯದಲ್ಲಿ ಆ ದರ್ಜಿ ಹೆಂಗಸಿಗೆ ಯಾರೂ ಏನನ್ನೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಅವರ ಅಳತೆ ತೆಗೆದವಳು. ಇಪ್ಪತ್ತೇಳು ವರ್ಷಗಳಿಂದ ಸಭೆಗೆ ಬಂದುಹೋದ ಪಾಸ್ಟರುಗಳೆಲ್ಲರ ಬಿಳಿ ನಿಲುವಂಗಿ ಹೊಲಿದವಳು ಅವಳೇ. ಅವರೆಲ್ಲರ ಚರಿತ್ರೆ ಅವಳ ಅಳತೆ ಪುಸ್ತಕದಲ್ಲಿತ್ತು. ಬಂದ ವರ್ಷ ಸೊಂಟ ಮೂವತ್ತು, ಮೂರನೆಯ ವರ್ಷ ಮೂವತ್ತಾರು, ವರ್ಗವಾಗಿ ಹೋಗುವ ಹೊತ್ತಿಗೆ ನಲವತ್ತೆರಡು. ಭಾನುವಾರದ ಪ್ರಸಂಗದಲ್ಲಿ ಉಪವಾಸದ ಮಾತು ಹೆಚ್ಚಿದಷ್ಟೂ ಟೇಪು ಉದ್ದ ಬೇಕಾಗುತ್ತಿತ್ತು. ಆದ್ದರಿಂದ ಹೊಟ್ಟೆಯ ಎರಡೂ ಪಕ್ಕ ಒಳಗೆ ಎರಡೆರಡು ಇಂಚು ಬಟ್ಟೆ ಬಿಟ್ಟೇ ಹೊಲಿಯುವುದನ್ನು ಅವಳು ರೂಢಿ ಮಾಡಿಕೊಂಡಿದ್ದಳು. ಯಾವ ಪಾಸ್ಟರೂ ಬಿಡಿ ಎಂದು ಕೇಳಿರಲಿಲ್ಲ. ಬಿಟ್ಟದ್ದನ್ನು ಉಪಯೋಗಿಸಿಕೊಳ್ಳದೆ ಹೋದ ಪಾಸ್ಟರೂ ಇರಲಿಲ್ಲ.

ಅವಳಿಗೆ ಇನ್ನೂ ಒಂದು ಸಂಗತಿ ಗೊತ್ತಿತ್ತು. ರಿಪೇರಿಗೆಂದು ಬಂದ ನಿಲುವಂಗಿಗಳಲ್ಲಿ ಮೊಣಕಾಲಿನ ಹತ್ತಿರ ಸವೆದದ್ದು ಒಂದೂ ಇರಲಿಲ್ಲ. ಸವೆಯುತ್ತಿದ್ದದ್ದು ಕೂರುವ ಜಾಗ.

ಹೀಗಿರುವಾಗ ಒಂದು ಮಂಗಳವಾರ ಮಧ್ಯಾಹ್ನ ಅವಳ ಅಣ್ಣನ ಮಗ ಮನೆಯ ಮುಂದಿನ ಕೋಣೆಗೆ, ಅಂದರೆ ಅವಳ ಅಂಗಡಿಗೆ ಬಂದು, ಕನ್ನಡಿಯ ಮುಂದೆ ಕೈ ಅಗಲಿಸಿ ನಿಂತ. ತನ್ನ ಅಳತೆಯನ್ನೂ ತೆಗೆದುಬಿಡಿ ಎಂದ. ಅವನನ್ನು ಸೇವೆಗೆ ತೆಗೆದುಕೊಳ್ಳುವುದೋ ಬಿಡುವುದೋ ಎಂದು ಸಭೆಯ ಕಮಿಟಿ ತೀರ್ಮಾನಿಸುವುದು ಬರುವ ಭಾನುವಾರ. ನಿಲುವಂಗಿಯ ಅಳತೆ ಮಾತ್ರ ಇವತ್ತೇ ಆಗಬೇಕು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು, ಬಾಯಲ್ಲಿದ್ದ ಗುಂಡುಪಿನ್ನುಗಳ ನಡುವೆ ಸಿಕ್ಕಿಕೊಂಡಿತು. ಟೇಪು ಸುತ್ತಿದಳು. ಸೊಂಟ ಇಪ್ಪತ್ತೆಂಟು. ಆರು ವರ್ಷದವನಿದ್ದಾಗ ತಂದೆತಾಯಿ ಇಬ್ಬರನ್ನೂ ಒಂದೇ ಅಪಘಾತದಲ್ಲಿ ಕಳೆದುಕೊಂಡು ಅವಳ ಮಡಿಲಿಗೆ ಬಿದ್ದ ಹುಡುಗ. ಅಂದಿನಿಂದ ಅವನ ಪ್ರತಿ ಚಡ್ಡಿ, ಪ್ರತಿ ಅಂಗಿಯನ್ನೂ ಹೊಲಿದವಳು ಅವಳು. ಇವನಿಗೆ ಒಳಗೆ ಬಟ್ಟೆ ಬಿಡುವುದಿಲ್ಲ ಎಂದು ಆ ಹೊತ್ತಿನಲ್ಲಿ ತನಗೆ ತಾನೇ ಹೇಳಿಕೊಂಡಳು. ತನ್ನ ಕೈಯಲ್ಲಿ ಬೆಳೆದವನಾದರೂ ಅಳತೆಗೆ ಸರಿಯಾಗಿ ಇರಲಿ.

ಅವನಿಗೆ ಚಿಕ್ಕಂದಿನಿಂದ ಇದ್ದ ಬಂಡವಾಳ ಬಾಯಿಯೊಂದೇ. ಶಾಲೆಯಲ್ಲಿ ಮಾಸ್ತರು ಅವನಿಗೆ ಅಧಿಕಪ್ರಸಂಗಿ ಎಂದು ಹೆಸರಿಟ್ಟಿದ್ದರು. ಡಿಗ್ರಿ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಪ್ರಶ್ನೆಪತ್ರಿಕೆಯಲ್ಲಿ ತಪ್ಪು ಹುಡುಕಿ ಬಂದ. ಗೆಳೆಯನ ಮೊಬೈಲ್ ಅಂಗಡಿಯಲ್ಲಿ ಕೌಂಟರಿಗೆ ನಿಂತು ಗಿರಾಕಿಗಳಿಗೆ ಬೇಡದ ಕವರುಗಳನ್ನು ಮಾರಿದ. ಅದೂ ಬೇಸರವಾಗಿ ಮನೆಯಲ್ಲಿ ಮಲಗಿದ್ದಾಗ ಯಾರೋ ಯುವಜನರ ಶಿಬಿರಕ್ಕೆ ಕರೆದೊಯ್ದರು. ಮೂರು ದಿನದ ಶಿಬಿರ. ಹೋಗುವಾಗ ಅಧಿಕಪ್ರಸಂಗಿಯಾಗಿದ್ದವನು ಬರುವಾಗ ಪ್ರಸಂಗಿಯಾಗಿ ಬಂದ. ‘ಅಧಿಕ’ವನ್ನು ಅಲ್ಲೇ ಬಿಟ್ಟುಬಂದಿದ್ದರೆ ಅವಳಿಗೂ ಸಂತೋಷವಾಗುತ್ತಿತ್ತು.

ದೇವರು ತನ್ನನ್ನು ಕರೆದಿದ್ದಾನೆ ಎಂದ. ಕರೆದದ್ದು ಎಷ್ಟು ಹೊತ್ತಿಗೆ ಎಂದು ಕೇಳಿದ್ದಕ್ಕೆ ಬೆಳಿಗ್ಗೆ ಆರಕ್ಕೆ ಎಂದ. ಆರು ಗಂಟೆಗೆ ಅವನನ್ನು ಎಬ್ಬಿಸಲು ಹದಿನೆಂಟು ವರ್ಷ ಹೆಣಗಿದ್ದ ಅವಳು, ಇದು ದೇವರಿಗೇ ಸಾಧ್ಯ ಎಂದುಕೊಂಡು ಸುಮ್ಮನಾದಳು.

ಅಲ್ಲಿಂದ ಮುಂದೆ ಅವನ ದನಿಯೇ ಬೇರೆಯಾಯಿತು. ಗಂಟಲಿನ ಮೇಲುಭಾಗದಿಂದ ಬರುತ್ತಿದ್ದ ಮಾತು ಹೊಟ್ಟೆಯಿಂದ ಬರತೊಡಗಿತು. ಕೊನೆಯ ಅಕ್ಷರವನ್ನು ಎಳೆದು, ನಡುಗಿಸಿ ಬಿಡುತ್ತಿದ್ದ. ಉಪ್ಪು ಕೇಳಿದರೂ ಪ್ರಸಂಗಪೀಠದ ಮೇಲೆ ನಿಂತು ಕೇಳಿದಂತೆ. ಅಷ್ಟು ವರ್ಷ ‘ನೀನು’ ಎನ್ನುತ್ತಿದ್ದವನು ಅತ್ತೆಗೆ ‘ನೀವು’ ಎನ್ನತೊಡಗಿದ. ಊಟ ಆಯಿತೇ ಎಂದರೆ ಕರ್ತನ ಕೃಪೆಯಿಂದ ಆಯಿತು. ಬಟ್ಟೆ ಒಣಹಾಕಿದೆಯಾ ಎಂದರೆ ಕರ್ತನ ಚಿತ್ತವಾದರೆ ಒಣಹಾಕುತ್ತೇನೆ. ಒಮ್ಮೆ ಗ್ಯಾಸ್ ಮುಗಿದಿದೆ, ಸಿಲಿಂಡರ್ ಬುಕ್ ಮಾಡು ಎಂದಾಗಲೂ ಅದೇ ಮಾತು ಹೇಳಿದ.

“ಕರ್ತನಿಗೆ ಚಿತ್ತ ಇದೆ ಕಣೋ,” ಎಂದಳು ಅವಳು. “ಫೋನು ನಿನ್ನ ಕೈಲಿದೆ.”

ಸಭೆಯವರಿಗೆ ಮಾತ್ರ ಅವನನ್ನು ಕಂಡರೆ ಬೆಲ್ಲ ಕಂಡ ಇರುವೆಯಂತೆ. ಎಷ್ಟು ವಿನಯ, ಎಷ್ಟು ಚೆಂದ ಪ್ರಾರ್ಥಿಸುತ್ತಾನೆ ಎಂದು ಹೆಂಗಸರು ರವಿಕೆ ಹೊಲಿಸಲು ಬಂದಾಗಲೆಲ್ಲ ಹೇಳುತ್ತಿದ್ದರು. ಪಾಸ್ಟರು ಅವನನ್ನು ಮೂರು ತಿಂಗಳ ಪರೀಕ್ಷೆಗೆ ಇಟ್ಟರು. ಪ್ರತಿ ವಾರ ಕಾಯಿಲೆಯವರ, ಮುದುಕರ ಮನೆಗಳಿಗೆ ಹೋಗಿ ಪ್ರಾರ್ಥಿಸಿ, ಅದನ್ನು ಭೇಟಿ ಪುಸ್ತಕದಲ್ಲಿ ಬರೆಯಬೇಕು. ಗುರುವಾರ ನಾಲ್ಕು ಗಂಟೆಗೆ ಅವನಿಗೆ ಬಿದ್ದ ಮನೆ ಕಾಜಾ ಅಮ್ಮನದು.

ಕಾಜಾ ಅಮ್ಮ ದರ್ಜಿಯ ಬಳಿ ಇಪ್ಪತ್ತು ವರ್ಷ ಕೈಯಿಂದ ಕಾಜಾ ಹಾಕಿದವಳು. ಗುಂಡಿ ತೂರುವ ಆ ಸಣ್ಣ ಕಿಂಡಿಗಳ ಅಂಚನ್ನು ಅವಳಂತೆ ಹೆಣೆಯುವವರು ಇನ್ನೊಬ್ಬರಿರಲಿಲ್ಲ. ಕತ್ತಿನಿಂದ ಪಾದದವರೆಗೆ ಇಪ್ಪತ್ತೆಂಟು ಗುಂಡಿಯ ನಿಲುವಂಗಿಯೊಂದನ್ನು ಎರಡು ದಿನದಲ್ಲಿ ಮುಗಿಸುತ್ತಿದ್ದಳು. ಈಗ ಕಾಲು ಬಿದ್ದುಹೋಗಿ, ಎರಡು ಬಸ್ಸು ಬದಲಿಸಿ ಹೋಗಬೇಕಾದ ಬಡಾವಣೆಯ ಒಂದು ಕೋಣೆಯಲ್ಲಿದ್ದಳು. ದರ್ಜಿ ಮೊದಲೆಲ್ಲ ಗುರುವಾರ ಅಂಗಡಿ ಬೇಗ ಮುಚ್ಚಿ ಹೋಗಿಬರುತ್ತಿದ್ದಳು. ಸೋದರಳಿಯ ಹೋಗತೊಡಗಿದ ಮೇಲೆ ತಾನು ಬಿಟ್ಟಳು. ಮನೆಯಿಂದ ಒಬ್ಬರು ಹೋದರೆ ಸಾಕಲ್ಲ. ಕೆಲಸವೂ ರಾಶಿ ಬಿದ್ದಿತ್ತು. ಅವನ ದನಿ, ಅವನ ‘ನೀವು’, ಅವನ ಚಿತ್ತ ಇವೆಲ್ಲವನ್ನೂ ಅವಳು ಸಹಿಸಿದ್ದು ಆ ಒಂದು ಗುರುವಾರಕ್ಕಾಗಿ. ಏನೇ ಆಗಲಿ, ವಾರಕ್ಕೊಮ್ಮೆ ಹೋಗಿ ಆ ಮುದುಕಿಯ ಹತ್ತಿರ ಕೂರುತ್ತಾನೆ.

ಅಳತೆ ಮುಗಿದ ಮೇಲೆ ಅವನು ಎರಡು ವಸ್ತು ಕೊಟ್ಟ. ಒಂದು, ಕಮಿಟಿಯ ನಮೂನೆ ಮತ್ತು ಒಂದು ಲಕೋಟೆ. ಪಾಸ್ಟರು, ಕಾರ್ಯದರ್ಶಿ ಇಬ್ಬರೂ ಸಹಿ ಹಾಕಿಯಾಗಿತ್ತು. ಮೂರನೆಯ ಜಾಗ ಬೆಳೆಸಿದವರದು. ‘ಅಭ್ಯರ್ಥಿಯು ದೇವಸೇವೆಗೆ ಯೋಗ್ಯನೋ? ಸ್ವಂತ ಕೈಯಿಂದ ಬರೆದು, ಲಕೋಟೆ ಅಂಟಿಸಿ ಕೊಡುವುದು’ ಎಂದಿತ್ತು. ಅದಿಲ್ಲದೆ ಅವನನ್ನು ಪಾಸ್ಟರುಗಳನ್ನು ತಯಾರು ಮಾಡುವ ವೇದಶಾಸ್ತ್ರದ ಕಾಲೇಜಿಗೆ ಕಳಿಸುವಂತಿರಲಿಲ್ಲ. ಇನ್ನೊಂದು ವಸ್ತು ಭೇಟಿ ಪುಸ್ತಕ. ರಟ್ಟು ಕಿತ್ತುಹೋಗಿತ್ತು. ಭಾನುವಾರ ಕಮಿಟಿಯ ಮುಂದೆ ಇಡಬೇಕಾದದ್ದು, ಒಳ್ಳೆಯ ಬಟ್ಟೆಯಲ್ಲಿ ಒಂದು ಗವಸು ಹೊಲಿದುಕೊಡಿ ಎಂದ.

ಗವಸಿಗೆ ಅಳತೆ ತೆಗೆಯಲು ಬುಧವಾರ ಪುಸ್ತಕ ಬಿಡಿಸಿದಳು. ಓದುವ ಉದ್ದೇಶ ಇರಲಿಲ್ಲ. ಆದರೆ ಅವನ ದುಂಡಗಿನ ಅಕ್ಷರ ತಾನಾಗಿ ಕಣ್ಣಿಗೆ ಬಿತ್ತು. ‘ಗುರುವಾರ, ನಾಲ್ಕು ಗಂಟೆ. ಕಾಜಾ ಅಮ್ಮನವರನ್ನು ಭೇಟಿಯಾದೆ. ಕಾಲುನೋವಿಗಾಗಿ ಪ್ರಾರ್ಥಿಸಿದೆ. ತಾಯಿ ಧಾರಾಕಾರವಾಗಿ ಕಣ್ಣೀರಿಟ್ಟರು.’ ಮುಂದಿನ ಗುರುವಾರ ಕಣ್ಣೀರು ಕೆನ್ನೆಯನ್ನು ತೋಯಿಸಿತ್ತು. ಅದರ ಮುಂದಿನ ಗುರುವಾರ ಸೆರಗನ್ನು. ಹನ್ನೊಂದು ಗುರುವಾರದಲ್ಲಿ ಒಂದು ಕೊಡ ತುಂಬುವಷ್ಟು ಕಣ್ಣೀರು.

ಕಾಜಾ ಅಮ್ಮನ ಕಣ್ಣಲ್ಲಿ ನೀರು ಬತ್ತಿ ಐದು ವರ್ಷವಾಗಿತ್ತು. ಬಿಳಿ ಬಟ್ಟೆಯ ಮೇಲೆ ಬಿಳಿ ದಾರ ನೋಡಿ ನೋಡಿ ಕಣ್ಣೀರೇ ಒಣಗಿಹೋಗಿದೆ ಎಂದು ಡಾಕ್ಟರು ಹೇಳಿದ್ದರು. ದಿನಕ್ಕೆ ನಾಲ್ಕು ಸಲ ಸೀಸೆಯಿಂದ ಹನಿ ಬಿಟ್ಟುಕೊಳ್ಳಬೇಕಾಗಿತ್ತು. ಮಗಳು ಸತ್ತಾಗಲೂ ಮುದುಕಿ ಒಣಕಣ್ಣಿನಲ್ಲೇ ಅತ್ತಿದ್ದಳು. ದರ್ಜಿ ಪಕ್ಕದಲ್ಲೇ ಇದ್ದಳು. ಅದನ್ನು ಒಮ್ಮೆ ನೋಡಿದವರು ಮರೆಯುವಂತಿರಲಿಲ್ಲ. ಹತ್ತು ನಿಮಿಷ ಎದುರು ಕೂತವನಿಗೂ ಮೇಜಿನ ಮೇಲಿನ ಸೀಸೆ ಕಾಣುತ್ತಿತ್ತು.

ಗುರುವಾರ ಮೂರಕ್ಕೆ ಅಂಗಡಿ ಮುಚ್ಚಿದಳು. ಎರಡು ಬಸ್ಸು ಬದಲಿಸಿ, ಮೂರು ತಿಂಗಳಿಂದ ಹತ್ತದ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದೇ ಇತ್ತು. ಕಾಜಾ ಅಮ್ಮ ತಲೆ ಬಾಚಿ, ಒಗೆದ ಸೀರೆಯುಟ್ಟು, ಗೋಡೆಗೆ ಒರಗಿ ಕೂತಿದ್ದಳು. ಎದುರಿಗೆ ಒಂದು ಕುರ್ಚಿ, ಅದರ ಮೇಲೆ ಮಡಿಸಿದ ಟವೆಲು. ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ತಟ್ಟೆ ಮುಚ್ಚಿದ ಒಂದು ಲೋಟ ನೀರು. ದರ್ಜಿಯನ್ನು ಕಂಡು ಮುದುಕಿಗೆ ಸಂತೋಷವೂ ಆಯಿತು, ಗಾಬರಿಯೂ ಆಯಿತು. ಇವತ್ತು ಹುಡುಗ ಬರುವ ದಿನ ಎಂದಳು.

“ಪಾಸ್ಟರ್ ಫೋನ್ ಮಾಡಿದ್ರು, ಪ್ರತಿ ಗುರುವಾರ ಬರ್ತಾನೆ ಅಂತ. ನಾನು ನಾಲ್ಕರಿಂದ ಆರರವರೆಗೂ ಕೂತೇ ಇರ್ತೀನಮ್ಮ. ಆದ್ರೆ ಈ ಗುಳಿಗೆ ತಗೊಂಡ್ರೆ ತೂಕಡಿಕೆ. ಅವನು ಬಂದಾಗೆಲ್ಲ ನಾನು ನಿದ್ದೆ ಹೋಗಿರ್ತೀನೋ ಏನೋ. ಎಬ್ಬಿಸ್ಬೇಕು ಅಂತ ಅವನಿಗೂ ಅನ್ಸಲ್ಲ ಪಾಪ, ಸಂಕೋಚದ ಹುಡುಗ.”

ದರ್ಜಿ ಟವೆಲನ್ನು ಸರಿಸಿ ಆ ಕುರ್ಚಿಯ ಮೇಲೆ ಕೂತಳು. ಐದು ಆಯಿತು, ಐದೂವರೆ ಆಯಿತು. ಮುದುಕಿ ಮೆಟ್ಟಿಲ ಕಡೆ ಕಿವಿ ಇಟ್ಟೇ ಮಾತಾಡುತ್ತಿದ್ದಳು. ಆರಕ್ಕೆ ದರ್ಜಿ ಅವಳ ಕಣ್ಣಿಗೆ ಹನಿ ಬಿಟ್ಟು ಎದ್ದಳು. ತಾನೂ ಮೂರು ತಿಂಗಳಿಂದ ಹೋಗಿರಲಿಲ್ಲ ಎಂಬುದು ಎರಡನೆಯ ಬಸ್ಸಿನಲ್ಲಿ ಕೂತಾಗ ನೆನಪಾಯಿತು. ಅದನ್ನು ಆಮೇಲೆ ಯೋಚಿಸೋಣ ಎಂದು ಪಕ್ಕಕ್ಕಿಟ್ಟಳು. ಮೊದಲು ಅವನದು.

ಅವನು ಮನೆಗೆ ಅವಳಿಗಿಂತ ಸ್ವಲ್ಪ ಮೊದಲು ಬಂದು ಚಹಾ ಕುದಿಸುತ್ತಿದ್ದ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು.

“ಕಾಜಾ ಅಮ್ಮನವರ ಮನೆಗೆ, ಅತ್ತೆ. ಬಹಳ ಆಶೀರ್ವಾದದ ಸಮಯವಾಗಿತ್ತು.”

“ಕಣ್ಣೀರು ಎಲ್ಲಿವರೆಗೆ ಬಂತು ಇವತ್ತು?”

ಅವನು ತಿರುಗಿ ನೋಡಿದ.

“ನಾಲ್ಕರಿಂದ ಆರರವರೆಗೆ ನಿನ್ನ ಕುರ್ಚಿ ಮೇಲೆ ಕೂತಿದ್ದವಳು ನಾನು,” ಎಂದಳು.

ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ತಪ್ಪಾಯಿತು ಎಂಬ ಒಂದು ಮಾತು ಬಂದಿದ್ದರೆ ಅವಳು ಅಲ್ಲಿಗೇ ಬಿಟ್ಟುಬಿಡುತ್ತಿದ್ದಳು, ಅವಳ ಕೋಪದ ಆಯಸ್ಸು ಯಾವಾಗಲೂ ಅಷ್ಟೇ. ಆದರೆ ಅವನು ಗಂಟಲು ಸರಿಮಾಡಿಕೊಂಡು ಆ ಹೊಟ್ಟೆಯ ದನಿಯನ್ನು ಮೇಲಕ್ಕೆ ತಂದ.

“ಅತ್ತೆ, ದೇಹದಲ್ಲಿ ಹೋಗೋದು ಒಂದು ಭೇಟಿ. ಆತ್ಮದಲ್ಲಿ ಹೋಗೋದೂ ಒಂದು ಭೇಟಿ. ನಾನು ಪ್ರತಿ ಗುರುವಾರ ನಾಲ್ಕು ಗಂಟೆಗೆ ಅವರನ್ನ ನೆನೆಸಿಕೊಂಡು ಪ್ರಾರ್ಥಿಸಿದ್ದೀನಿ. ಆತ್ಮದಲ್ಲಿ ನಾನು ಅಲ್ಲೇ ಇದ್ದೆ.”

“ದೇಹ ಎಲ್ಲಿತ್ತು?”

“ಮೊಬೈಲ್ ಅಂಗಡೀಲಿ.”

“ಹನ್ನೊಂದು ವಾರಾನೂ?”

“ಆತ್ಮಕ್ಕೆ ಬಸ್ಸು ಬೇಕಿಲ್ಲ, ಅತ್ತೆ.”

ಹೇಳುವುದು ವೇದ, ಹಾಕುವುದು ಗಾಳ ಎಂಬ ಗಾದೆಯನ್ನು ಎಷ್ಟೋ ಜನರ ಮೇಲೆ ಬಳಸಿದ್ದಳು. ಗಾಳ ಹಾಕಿದವನೇ ಅದನ್ನು ಕಚ್ಚಿ ನೇತಾಡುವುದನ್ನು ನೋಡುತ್ತಿರುವುದು ಇದೇ ಮೊದಲು. ಅವನು ಸುಳ್ಳು ಹೇಳುತ್ತಿದ್ದೇನೆಂದು ತಿಳಿದು ಹೇಳುತ್ತಿರಲಿಲ್ಲ. ಹೇಳುತ್ತಾ ಹೇಳುತ್ತಾ ನಂಬುತ್ತಿದ್ದ.

“ಸರಿ,” ಎಂದಳು. “ನಿನ್ನ ನಿಲುವಂಗಿನೂ ಆತ್ಮದಲ್ಲಿ ಹೊಲಿದು ಮುಗಿಸಿದ್ದೀನಿ. ಅಲ್ಲಿ ಮೊಳೆಗೆ ನೇತುಹಾಕಿದೆ ನೋಡು. ಹಾಕ್ಕೊಂಡು ಹೋಗು.”

ಅವನು ನಿಜವಾಗಿಯೂ ಮೊಳೆಯ ಕಡೆ ನೋಡಿದ. ಖಾಲಿ ಮೊಳೆ ಕಂಡ ಮೇಲೆ ಅವನ ಮುಖ ಇಳಿಯಿತು, ದನಿಯೂ ಇಳಿಯಿತು, ‘ನೀವು’ ಕೂಡ ಅದರ ಜೊತೆಗೇ ಇಳಿದುಹೋಯಿತು.

“ಅತ್ತೆ, ನೀನು ಬರೆದುಕೊಡಲ್ವಾ? ಪರೀಕ್ಷೆ ನನ್ನ ಕೈಲಾಗಲಿಲ್ಲ, ಅಂಗಡಿ ಕೈಲಾಗಲಿಲ್ಲ. ನಂಗೆ ಬರೋದು ಇದೊಂದೇ, ಮಾತಾಡೋದು. ಇದನ್ನೂ ಕಿತ್ಕೊಂಡ್ರೆ ನಾನೇನು ಮಾಡ್ಲಿ?”

ಮೂರು ತಿಂಗಳಲ್ಲಿ ಅವನಾಡಿದ ಒಂದೇ ನಿಜ ಅದು. ಅದಕ್ಕೇ ಅವಳಿಗೆ ಕಷ್ಟವಾದದ್ದು.

ಶುಕ್ರವಾರ, ಶನಿವಾರ ನಮೂನೆ ಹೊಲಿಗೆ ಯಂತ್ರದ ಮೇಲೇ ಇತ್ತು. ‘ಯೋಗ್ಯನಲ್ಲ’ ಎಂದು ಬರೆದರೆ ನಾಲ್ಕು ಅಕ್ಷರ. ಅವಳು ಹಾಳೆಯೊಂದರ ಮೇಲೆ ಅದನ್ನು ಬರೆದೂ ನೋಡಿದಳು. ಆಮೇಲೆ ಆಗುವುದೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ಹೆತ್ತವಳಾಗಿದ್ದರೆ ಹೀಗೆ ಬರೆಯುತ್ತಿದ್ದಳೇ ಎನ್ನುತ್ತಾರೆ. ಬೆಳೆಸಿದವಳೇ ಕತ್ತರಿ ಹಾಕಿದಳು, ದರ್ಜಿಯಲ್ಲವೇ ಎನ್ನುತ್ತಾರೆ. ಇಪ್ಪತ್ನಾಲ್ಕರ ಈ ಗಂಡಸು ಮತ್ತೆ ಬೆಳಿಗ್ಗೆ ಹತ್ತರವರೆಗೆ ಅವಳ ಮನೆಯಲ್ಲಿ ಮಲಗುತ್ತಾನೆ. ‘ಯೋಗ್ಯನು’ ಎಂದು ಬರೆದರೆ ಆ ಕುರ್ಚಿ, ಮುಚ್ಚಿಟ್ಟ ಆ ಲೋಟದ ನೀರು. ಇನ್ನು ಎಷ್ಟು ಊರುಗಳಲ್ಲಿ ಎಷ್ಟು ಮುದುಕಿಯರು ತಲೆ ಬಾಚಿಕೊಂಡು ಇವನಿಗಾಗಿ ಕಾಯಬೇಕು?

ಶನಿವಾರ ಸಂಜೆ ಅವಳಿಗೆ ಒಂದು ಉಪಾಯ ಹೊಳೆಯಿತು. ತುಂಬ ಹೆದರುವವರಿಗೆ ಹೊಳೆಯುವಂಥ ಉಪಾಯ. ಅವನ ಮಾತನ್ನೇ ಅವನ ಕತ್ತಿಗೆ ಕಟ್ಟುವುದು. ಪೆನ್ನು ತೆಗೆದುಕೊಂಡು, ಒಂದೇ ಸಾಲು, ಅಕ್ಷರ ಅಂಕುಡೊಂಕಾಗದಂತೆ ಬರೆದಳು: ‘ಇವನು ಆತ್ಮದಲ್ಲಿ ಯೋಗ್ಯನು.’ ಕಿವಿಯಿದ್ದವರಿಗೆ ಕೇಳಿಸುತ್ತದೆ ಎಂದುಕೊಂಡಳು. ಬರೀ ಆತ್ಮದಲ್ಲಿ ಏಕೆ ಎಂದು ಪಾಸ್ಟರು ಕೇಳಿಯೇ ಕೇಳುತ್ತಾರೆ. ಆಗ ಭೇಟಿ ಪುಸ್ತಕ ಬಿಡಿಸಿ ತೋರಿಸಿದರಾಯಿತು. ಕೇಳಿದ್ದಕ್ಕೆ ಉತ್ತರ ಕೊಟ್ಟಂತೆ ಆಗುತ್ತದೆ, ತಾನಾಗಿ ದೂರು ಹೇಳಿದಂತೆ ಆಗುವುದಿಲ್ಲ. ಲಕೋಟೆ ಅಂಟಿಸಿದಳು. ಪುಸ್ತಕಕ್ಕೆ ಗವಸನ್ನೂ ಹೊಲಿದಳು. ಕೆಲಸ ಕೆಲಸವೇ. ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿದಳು.

ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯವರೆಲ್ಲ ಬೆಂಚುಗಳಲ್ಲಿ ಉಳಿದರು. ಮುಂದಿನ ಮೇಜಿನ ಹಿಂದೆ ಕಮಿಟಿಯ ಏಳು ಜನ, ನಡುವೆ ನಲವತ್ತೊಂದರ ಸೊಂಟದ ಪಾಸ್ಟರು. ಅವನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಭೇಟಿ ಪುಸ್ತಕ ಮೊದಲು ಕೈಯಿಂದ ಕೈಗೆ ಹೋಯಿತು. ಒಬ್ಬರು ಗವಸನ್ನು ಸವರಿದರು, ಒಬ್ಬರು ಅಂಚಿನ ಹೊಲಿಗೆ ನೋಡಿ ತಲೆದೂಗಿದರು, ಕಾರ್ಯದರ್ಶಿ ದರ್ಜಿಯ ಕಡೆ ನೋಡಿ ಮೆಚ್ಚುಗೆಯಿಂದ ನಕ್ಕರು. ಪುಸ್ತಕವನ್ನು ಯಾರೂ ತೆರೆಯಲಿಲ್ಲ.

ಪಾಸ್ಟರು ಲಕೋಟೆ ಹರಿದರು. ಮನಸ್ಸಿನಲ್ಲೇ ಓದಿಕೊಂಡರು, ಕನ್ನಡಕ ತೆಗೆದರು. ದರ್ಜಿ ಬೆಂಚಿನ ತುದಿಗೆ ಸರಿದು, ಏಳಲು ಕಾಲು ನೆಲಕ್ಕೆ ಊರಿದಳು.

“ಕೇಳಿ, ಪ್ರಿಯರೇ,” ಎಂದರು ಪಾಸ್ಟರು. “ನಾನು ಎಷ್ಟೋ ಹುಡುಗರ ಪತ್ರ ಓದಿದ್ದೀನಿ. ಒಳ್ಳೆಯವನು, ಕುಡಿಯಲ್ಲ, ಸೇದಲ್ಲ, ಹೇಳಿದ ಮಾತು ಕೇಳ್ತಾನೆ ಅಂತ ಬರೀತಾರೆ. ಎಲ್ಲ ಲೋಕದ ಮಾತು. ಈ ತಾಯಿ ಒಂದೇ ಸಾಲು ಬರೆದಿದ್ದಾರೆ. ‘ಇವನು ಆತ್ಮದಲ್ಲಿ ಯೋಗ್ಯನು.’” ಅವರ ದನಿ ನಡುಗಿತು. ಆ ನಡುಕ ಅಳಿಯ ಎಲ್ಲಿಂದ ಕಲಿತದ್ದೆಂದು ಅವಳಿಗೆ ಆಗ ತಿಳಿಯಿತು. “ಆತ್ಮದಲ್ಲಿ! ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?”

ಬೆಂಚುಗಳಲ್ಲಿ ಸ್ತೋತ್ರ, ಸ್ತೋತ್ರ ಎಂಬ ಪಿಸುಮಾತು ಹರಿಯಿತು. ಹಿಂದಿನ ಹೆಂಗಸೊಬ್ಬಳು ದರ್ಜಿಯ ಹೆಗಲು ಹಿಸುಕಿದಳು. ಪಾಸ್ಟರು, ಅಕ್ಕಾ, ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅವಳು ಎದ್ದು ನಿಂತಿದ್ದಳು. ಎಂಬತ್ತು ಮುಖಗಳು ಅವಳ ಕಡೆ ತಿರುಗಿದ್ದವು. ಅದರಲ್ಲಿ ಅರ್ಧ ಅವಳು ಹೊಲಿದ ಬಟ್ಟೆಯಲ್ಲಿದ್ದವು.

ಅವಳು ಅಳಿಯನ ಮುಖ ನೋಡಿದಳು. ಆ ಸಭೆಯಲ್ಲಿ ಆ ಸಾಲಿನ ಅರ್ಥ ತಿಳಿದವನು ಅವನೊಬ್ಬನೇ. ಅವನ ಕತ್ತು ಕೆಂಪಾಗಿತ್ತು. ಈಗ ಹೇಳು, ನೀನೇ ಹೇಳು, ನನ್ನ ಕೈಲಾಗದ್ದನ್ನು ನೀನಾದರೂ ಮಾಡು ಎಂದು ಅವಳು ಕಣ್ಣಲ್ಲೇ ಬೇಡಿದಳು. ಹೇಳಿಬಿಟ್ಟರೆ ಅವನು ನಿಜಕ್ಕೂ ಯೋಗ್ಯ, ತಾನೇ ಎದ್ದು ಅದನ್ನು ಕೂಗಿ ಹೇಳುತ್ತೇನೆ. ಅವನ ಬಾಯಿ ತೆರೆಯಿತು, ಮುಚ್ಚಿತು. ಆಮೇಲೆ ಕೆಂಪು ನಿಧಾನವಾಗಿ ಇಳಿಯಿತು. ಅವನು ಕಣ್ಣು ಮುಚ್ಚಿ, ಹೊಟ್ಟೆಯಿಂದ ದನಿ ತೆಗೆದು, ಕೊನೆಯ ಅಕ್ಷರವನ್ನು ಎಳೆದು ಹೇಳಿದ.

“ಆಮೆನ್.”

ಎಲ್ಲರೂ ಆಮೆನ್ ಎಂದರು.

“ಬರೆದಿದ್ದೇ ಸಾಕು,” ಎಂದು ದರ್ಜಿ ಕೂತಳು. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಎಂದರೆ ಇದೇ. ಅಂಗಿಗೆ ಇಪ್ಪತ್ತೆಂಟು ಗುಂಡಿ ಹಚ್ಚುವವಳಿಗೆ ಬೀಳಲು ಇಪ್ಪತ್ತೊಂಬತ್ತನೆಯದು ಬೇಕಾಗಿತ್ತು.

ಸೋಮವಾರ ಬಿಳಿ ಬಟ್ಟೆಯನ್ನು ಮೇಜಿನ ಮೇಲೆ ಹರಡಿದಳು. ಇಪ್ಪತ್ತೆಂಟಕ್ಕೆ ಎಳೆದಿದ್ದ ಸೀಮೆಸುಣ್ಣದ ಗೆರೆಯನ್ನು ಸ್ವಲ್ಪ ಹೊತ್ತು ನೋಡಿ, ಬೆರಳಿನಿಂದ ಒರೆಸಿದಳು. ಆಚೆಗೆ ಹೊಸ ಗೆರೆ ಎಳೆದಳು. ಎರಡು ಇಂಚು ಸಾಲದು ಅನ್ನಿಸಿತು. ನಾಲ್ಕು ಬಿಟ್ಟಳು.

ಗುರುವಾರ ಮೂರಕ್ಕೆ ಅಂಗಡಿ ಮುಚ್ಚಿ, ಕತ್ತರಿಸಿ ಕೂಡಿಸಿದ ನಿಲುವಂಗಿಯನ್ನು ಚೀಲದಲ್ಲಿಟ್ಟುಕೊಂಡು ಎರಡು ಬಸ್ಸು ಬದಲಿಸಿದಳು. ಕಾಜಾ ಅಮ್ಮ ಕುರ್ಚಿ ಹಾಕಿಕೊಂಡು ಕೂತೇ ಇದ್ದಳು. ಹುಡುಗ ಕಾಲೇಜಿಗೆ ಹೋಗುತ್ತಾನೆ, ಇನ್ನು ಗುರುವಾರ ಬರುವವಳು ನಾನೇ ಎಂದು ದರ್ಜಿ ಹೇಳಿ, ಅವಳ ಕಣ್ಣಿಗೆ ಹನಿ ಬಿಟ್ಟು, ಕಾಜಾ ಹಾಕಲು ತಾನೇ ಕೂತಳು. ಮುದುಕಿಗೆ ದಾರ ಕಾಣುತ್ತಿರಲಿಲ್ಲ, ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಬಟ್ಟೆಯ ತುದಿ ಎಳೆದುಕೊಂಡು ತಡವಿದಳು. ಪಕ್ಕದ ಹೊಲಿಗೆಯ ಒಳಗೆ ಬೆರಳಿಟ್ಟು, ಬಿಟ್ಟ ಬಟ್ಟೆಯನ್ನು ಅಳೆದಳು.

“ಯಾರದಿದು? ದೊಡ್ಡ ಪಾಸ್ಟರದಾ?”

“ಅಲ್ಲ. ನಮ್ಮ ಹುಡುಗಂದು.”

“ಅವನು ಕಡ್ಡಿ ಹಾಗಿದ್ದನಲ್ಲೇ. ಇಷ್ಟು ಬಟ್ಟೆ ಯಾಕೆ ಒಳಗೆ?”

ದರ್ಜಿ ದಾರವನ್ನು ಹಲ್ಲಿನಿಂದ ಕಡಿದಳು.

“ಬೆಳೀತಾನೆ,” ಎಂದಳು.